ಒಬ್ಬಟ್ಟಿಲ್ಲದ ಹಬ್ಬ

ಬೆಂಗಳೂರಿಗೆ ಹಬ್ಬಗಳು ಸಾಲುತ್ತಿಲ್ಲ ಅಂತ ನನಗಂತೂ ಗೊತ್ತಿರಲಿಲ್ಲ. ಕರಗ ಇದೆ, ಕಡಲೆಕಾಯಿ ಪರಿಷೆ ಇದೆ, ರಾಜ್ಯೋತ್ಸವವನ್ನಂತೂ ಡಿಸೆಂಬರ್‌ವರೆಗೂ ಎಳೆಯುತ್ತೇವೆ. ಆದರೂ 2025ರ ಅಕ್ಟೋಬರ್ ಕೊನೆಯಲ್ಲಿ, ಊರಿನ ಕಸ ನೋಡಿಕೊಳ್ಳುವ ಘನತ್ಯಾಜ್ಯ ಸಂಸ್ಥೆಯವರು ಇನ್ನೊಂದು ಸೇರಿಸಿದರು. ಕಸ ಸುರಿಯುವ ಹಬ್ಬ. ಹೆಸರು ನಾನಿಟ್ಟಿದ್ದಲ್ಲ, ಅವರದೇ. ಬೀದಿಗೆ ಕಸ ಎಸೆದವರನ್ನು ವಿಡಿಯೋದಲ್ಲಿ ಹಿಡಿದು, ಮನೆ ಪತ್ತೆ ಹಚ್ಚಿ, ಗಾಡಿಯಲ್ಲಿ ಕಸ ತಂದು ಬಾಗಿಲಿಗೇ ಸುರಿದು, ದಂಡವನ್ನೂ ಹಾಕಿದರು. ನೀವೆಲ್ಲ ನೋಡಿದ್ದೀರಿ. ನೋಡಿ ಫಾರ್ವರ್ಡ್ ಕೂಡ ಮಾಡಿದ್ದೀರಿ.

ಸುಳ್ಳು ಯಾಕೆ ಹೇಳಲಿ, ನನಗೂ ಖುಷಿಯಾಯಿತು. ಯಾಕಂದ್ರೆ ನಮ್ಮ ಬೀದಿಯಲ್ಲೊಬ್ಬರು ಅಂಕಲ್ ಇದ್ದಾರೆ. ವಾಕಿಂಗ್ ಹೊರಟಾಗ ಕೈಯಲ್ಲೊಂದು ಕಪ್ಪು ಕವರ್, ವಾಪಸ್ ಬರುವಾಗ ಕೈ ಬೀಸಿಕೊಂಡು ಬರುತ್ತಾರೆ. ಹಬ್ಬದ ಸುದ್ದಿ ಕೇಳಿದ ಮೇಲೆ ಅವರು ಬದಲಾಗಿದ್ದಾರೆ. ಕವರ್ ಎಸೆಯುವುದೇನೂ ನಿಂತಿಲ್ಲ. ಆದರೆ ಈಗ ಕೊರಿಯರ್ ಡಬ್ಬದ ಮೇಲಿನ ವಿಳಾಸದ ಚೀಟಿಯನ್ನು ಉಗುರಲ್ಲಿ ಕೆರೆದು ಕಿತ್ತು, ಸಣ್ಣಗೆ ಹರಿದು, ಅದನ್ನು ಮಾತ್ರ ಮನೆಯಲ್ಲೇ ಉಳಿಸಿಕೊಳ್ಳುತ್ತಾರೆ. ವಿಂಗಡಣೆ ಅಂದ್ರೆ ಇದೇ ಅಲ್ವಾ? ಹದಿಮೂರು ವರ್ಷ ಹಸಿ ಕಸ, ಒಣ ಕಸ ಅಂತ ಬಡಿದುಕೊಂಡರೂ ಆಗದ್ದು ಒಂದೇ ವಾರದಲ್ಲಿ ಆಯಿತು.

ಹದಿಮೂರು ಅಂತ ಸುಮ್ನೆ ಹೇಳಲಿಲ್ಲ. 2012ರಲ್ಲಿ, ನಮ್ಮ ಕಸ ಸುರಿಸಿಕೊಳ್ಳುತ್ತಿದ್ದ ಹಳ್ಳಿ ಮಾವಳ್ಳಿಪುರದವರು ಸಾಕಪ್ಪಾ ನಿಮ್ಮ ಸಹವಾಸ ಅಂದಾಗ ಬೆಂಗಳೂರಿನ ಮೂಲೆಮೂಲೆಯಲ್ಲೂ ಕಸ ಗುಡ್ಡೆ ಬಿತ್ತು. ಅದೇ ವರ್ಷದ ಅಕ್ಟೋಬರ್ 1ರಿಂದ ಕಸ ಬೇರೆ ಮಾಡುವುದು ಕಡ್ಡಾಯ ಅಂದರು. 2014ರಲ್ಲಿ, ನಮ್ಮ ಕಸ ಬೀಳುತ್ತಿದ್ದ ಇನ್ನೊಂದು ಹಳ್ಳಿ ಮಂಡೂರಿನವರೂ ಸಾಕು ಅಂದರು. 2015ರ ಡಿಸೆಂಬರ್‌ನಲ್ಲಿ ಹೈಕೋರ್ಟ್ ಎರಡು ಬುಟ್ಟಿ, ಒಂದು ಚೀಲ ಅಂತ ಆದೇಶ ಮಾಡಿತು. ಹಸಿರು ಬುಟ್ಟಿಗೆ ಹಸಿ ಕಸ, ಕೆಂಪು ಬುಟ್ಟಿಗೆ ಪ್ಯಾಡು ಡೈಪರು, ಚೀಲಕ್ಕೆ ಒಣ ಕಸ. ನಮ್ಮ ಸಿಂಕ್ ಕೆಳಗೆ ಏನೇನಿರಬೇಕು ಅಂತ ಹೈಕೋರ್ಟೇ ಹೇಳಬೇಕಾಯಿತು. 2025ರ ಸೆಪ್ಟೆಂಬರ್‌ನಲ್ಲಿ ಇದ್ದ ಒಂದು ಪಾಲಿಕೆಯನ್ನು ಐದು ಮಾಡಿದರು. ಇಡೀ ಊರನ್ನೇ ಐದು ಬುಟ್ಟಿಗೆ ವಿಂಗಡಿಸುವುದು ಇಷ್ಟು ಸಲೀಸು. ಬದನೆಕಾಯಿ ತೊಟ್ಟು ಮತ್ತು ಶಾಂಪೂ ಬಾಟಲಿಯನ್ನು ಎರಡಕ್ಕೆ ವಿಂಗಡಿಸುವುದೇ ಕಷ್ಟ ನೋಡಿ.

ನಮ್ಮನೆಯಲ್ಲಿ ಹಾಲಿನ ಕವರ್ ತೊಳೆದು, ಬಟ್ಟೆ ಕ್ಲಿಪ್ ಹಾಕಿ ಒಣಗಿಸುತ್ತೇವೆ. ಕವರ್‌ನ ಮೂಲೆಯನ್ನು ಪೂರ್ತಿ ಕತ್ತರಿಸಬಾರದು, ಆ ಪುಟ್ಟ ಚೂರು ಯಾರ ಕೈಗೂ ಸಿಗದೆ ಮಣ್ಣು ಸೇರುತ್ತೆ ಅಂತ ಎಲ್ಲೋ ಕೇಳಿಸಿಕೊಂಡ ನನ್ನ ಹೆಂಡತಿ, ನಾನು ಕತ್ತರಿ ಹಿಡಿದಾಗಲೆಲ್ಲ ಹಿಂದೆ ಬಂದು ನಿಲ್ಲುತ್ತಾಳೆ. ಆಮೇಲೆ ಬೀದಿಗೆ ಆಟೋ ಬರುತ್ತದೆ. ಮುಂದಿನ ಮಾತುಕತೆ ಈ ಊರಿನ ಯಾವ ಬೀದಿಯಲ್ಲಿ ಬೇಕಾದರೂ ಕೇಳಬಹುದು. "ಅಣ್ಣಾ, ಇದು ಒಣ ಕಸ, ಬೇರೆ ಅಲ್ವಾ?" "ಹಾಕಿ ಮೇಡಂ, ಅಲ್ಲಿ ಹೋದ್ಮೇಲೆ ಬೇರೆ ಮಾಡ್ತಾರೆ." ಅಲ್ಲಿ ಅಂದ್ರೆ ಎಲ್ಲಿ ಅಂತ ಯಾರೂ ಕೇಳುವುದಿಲ್ಲ. ಸತ್ತವರು ಎಲ್ಲಿ ಹೋಗುತ್ತಾರೆ ಅಂತ ಕೇಳಬಾರದಲ್ವಾ, ಹಾಗೆ.

ಅಲ್ಲಿಗೆ ಹೋಗುವ ದಾರಿಯಲ್ಲಿ ಕಂಪ್ಯಾಕ್ಟರ್, ಅಂದ್ರೆ ಕಸ ಒತ್ತಿ ತುಂಬುವ ಲಾರಿ, ಸಿಗುತ್ತದೆ. ರಾಷ್ಟ್ರೀಯ ಭಾವೈಕ್ಯದ ಯಂತ್ರ. ತೊಳೆದು ಒಣಗಿಸಿದ ಹಾಲಿನ ಕವರು, ಪಕ್ಕದ ಮನೆಯ ಸಾರು, ಮೂರನೇ ಮನೆಯ ಡೈಪರು, ಎಲ್ಲವನ್ನೂ ಅಪ್ಪಿ ಹಿಂಡಿ ಒಂದು ಮಾಡುತ್ತದೆ. ಹಿಂಡಿದಾಗ ಬರುವ ರಸವನ್ನು ರಸ್ತೆಗೆ ಬಿಡುತ್ತಾ ಹೋಗುತ್ತದೆ. ಸ್ಕೂಟರಿನಲ್ಲಿ ಅದರ ಹಿಂದೆ ಸಿಕ್ಕಿಕೊಂಡವರಿಗೆ ವಿವರ ಬೇಡ.

ಚಿಕ್ಕವನಿದ್ದಾಗ ನಮ್ಮೂರಿಗೆ ಗುಜರಿಯವನು ಬರುತ್ತಿದ್ದ. ಸೈಕಲ್ಲು, ಹಿಂದೆ ಗೋಣಿಚೀಲ, ಒಂದು ತಕ್ಕಡಿ. ತಕ್ಕಡಿ ಹಿಡಿದ ಕಿರುಬೆರಳಲ್ಲೇ ಅವನು ಕಾಲು ಕೇಜಿ ನುಂಗುತ್ತಿದ್ದ. ನಮ್ಮಮ್ಮ ಹಿಂದಿನ ರಾತ್ರಿಯೇ ಪೇಪರ್ ಕಟ್ಟಿನ ನಡುವೆ ನೀರು ಚಿಮುಕಿಸಿ ಇಟ್ಟಿರುತ್ತಿದ್ದಳು. ಲೆಕ್ಕ ಸರಿಹೋಗುತ್ತಿತ್ತು. ಹಳೇ ಸೀರೆಗೆ ಸ್ಟೀಲ್ ಪಾತ್ರೆ ಕೊಡುವವಳು ಬೇರೆ. ಬಾಚಣಿಗೆಯ ಕೂದಲನ್ನು ಗೋಡೆ ಸಂದಿಯಲ್ಲಿ ಕೂಡಿಟ್ಟು ಕೊಟ್ಟರೆ ಪಿನ್ನು, ಬಲೂನು ಕೊಡುವವನು ಬೇರೆ. ನಮ್ಮಜ್ಜಿಯ ಬಿಳಿ ಕೂದಲಿಗೆ ಬಲೂನು ಕಡಿಮೆ ಕೊಟ್ಟ ಅಂತ ಅವನ ಜೊತೆ ನಾನೇ ಜಗಳ ಆಡಿದ್ದೇನೆ. ಇವರಲ್ಲಿ ಯಾರಿಗೂ ಟೆಂಡರ್ ಇರಲಿಲ್ಲ. ಯಾರೂ ವಿದೇಶಕ್ಕೆ ಅಧ್ಯಯನ ಪ್ರವಾಸ ಹೋಗಿರಲಿಲ್ಲ.

ಆಗ ಮನೆಯಿಂದ ಹೊರಬಿದ್ದದ್ದಕ್ಕೆಲ್ಲ ಒಂದು ರೇಟಿತ್ತು ಅನ್ನೋದೂ ನಿಜ. ಈಗಿನ ಚಿಪ್ಸ್ ಪ್ಯಾಕೆಟ್ಟಿಗೆ ಏನು ರೇಟು? ಒಳಗೆ ಬೆಳ್ಳಿ ಬಣ್ಣ, ಹೊರಗೆ ಪ್ಲಾಸ್ಟಿಕ್ಕು, ಪದರ ಬಿಡಿಸೋಕಾಗಲ್ಲ, ಗುಜರಿಯವರು ಮುಟ್ಟಲ್ಲ. ಪುಣ್ಯ ಇದ್ದರೆ ಸಿಮೆಂಟ್ ಕಾರ್ಖಾನೆಯ ಬೆಂಕಿಗೆ ಹೋಗುತ್ತದೆ. ವಾರ್ಡುಗಳ ಒಣ ಕಸ ಕೇಂದ್ರಕ್ಕೆ ಬಂದು ಬೀಳುವುದು ಇಂಥದ್ದೇ ಜಾಸ್ತಿ. ಕಾಸು ಹುಟ್ಟುವ ಬಾಟಲಿ, ರಟ್ಟು ದಾರಿಯಲ್ಲೇ ಇಳಿದುಹೋಗಿರುತ್ತವೆ. ಆ ಕೇಂದ್ರಗಳಲ್ಲಿ ಹಲವನ್ನು ನಡೆಸುವವರು ಒಂದು ಕಾಲಕ್ಕೆ ಚಿಂದಿ ಆಯುತ್ತಿದ್ದವರೇ. ಪ್ಲಾಸ್ಟಿಕ್ಕನ್ನು ಕೈಯಲ್ಲಿ ಹಿಂಡಿ, ಸದ್ದು ಕೇಳಿ, ಇದು ಇಂಥ ಜಾತಿ, ಇಷ್ಟಕ್ಕೆ ಹೋಗುತ್ತೆ ಅನ್ನಬಲ್ಲವರು. ಊರಿನ ಕಸಕ್ಕೆ ಯೋಜನೆ ಹಾಕುವವರು ಮೊದಲು ಇವರನ್ನು ಕರೆದು ಕುರ್ಚಿ ಕೊಡಬೇಕಿತ್ತು. ನಾವು ಕಸ ಬೀಳುವ ಜಾಗಕ್ಕೆ ರಂಗೋಲಿ ಹಾಕಿ, ಗೋಡೆಗೆ ದೇವರ ಟೈಲ್ಸ್ ಅಂಟಿಸಿದೆವು. ಈಗ ದೇವರ ಕಾಲ ಬುಡದಲ್ಲೇ ಬೀಳುತ್ತಿದೆ.

ಮೊನ್ನೆ ಒಂದು ಆಟೋದ ಮೇಲೆ ನಿಂತ ಹುಡುಗನೊಬ್ಬ ಕಪ್ಪು ಕವರ್ ಬಿಚ್ಚಿ ಕೈ ಹಾಕಿದ. ಒಂದು ಕೈಗೆ ಮಾತ್ರ ಗ್ಲೌಸ್ ಇತ್ತು. ಇನ್ನೊಂದು ಕೈಗೆ ಒಡೆದ ಟ್ಯೂಬ್‌ಲೈಟಿನ ಚೂರು ತಾಗಿತು. ರಕ್ತವನ್ನು ಪ್ಯಾಂಟಿಗೆ ಒರೆಸಿಕೊಂಡು ಮುಂದಿನ ಕವರ್ ಬಿಚ್ಚಿದ. ಆ ಚೂರನ್ನು ಒಂದು ಪೇಪರಿನಲ್ಲಿ ಸುತ್ತಿ ಮೇಲೆ 'ಗಾಜು' ಅಂತ ಬರೆಯಲು ಎಷ್ಟು ಹೊತ್ತು ಬೇಕು ಹೇಳಿ? ಮೂವತ್ತು ಸೆಕೆಂಡ್. ಅಷ್ಟೂ ಆಗಲ್ಲ ನಮಗೆ. ಅವನಿಗೆ ಇನ್ನೊಂದು ಗ್ಲೌಸ್ ಕೊಡಲು ಮೇಲಿನವರಿಗೂ ಆಗಲ್ಲ. ನನಗೆ ನಗು ಬರುತ್ತಿಲ್ಲ.

ಕಸವನ್ನು ಹಾಕಿದವರ ಬಾಗಿಲಿಗೇ ಸುರಿಯಬೇಕು ಅನ್ನೋದು ನ್ಯಾಯ ಅಂತಾದರೆ ಆ ಹಬ್ಬ ಮಾಡುವ ಮೊದಲ ಹಕ್ಕು ಮಂಡೂರಿನವರದ್ದು. ಲಾರಿ ಮೇಲೆ ಲಾರಿ ತುಂಬಿಕೊಂಡು ವಿಧಾನಸೌಧದ ಮುಂದೆ ಒಂದಷ್ಟು, ನಮ್ಮ ನಿಮ್ಮ ಅಪಾರ್ಟ್‌ಮೆಂಟ್ ಗೇಟಿಗೆ ಒಂದಷ್ಟು. ಪಾಪ, ಅವರು ಬರೀ ಧರಣಿ ಕೂತರು.

ಅಂದಹಾಗೆ, ಕಸ ಎಸೆಯುವವರ ವಿಡಿಯೋ ಕಳಿಸಿದರೆ 250 ರೂಪಾಯಿ ಬಹುಮಾನ ಅಂತಲೂ ಹೇಳಿದ್ದಾರೆ. 2025ರ ಏಪ್ರಿಲ್‌ನಿಂದ ಮನೆ ಕಂದಾಯದ ಜೊತೆ ಕಸದ ಶುಲ್ಕವೂ ಬರುತ್ತಿದೆ. ನಮ್ಮನೆ ಅಳತೆಗೆ ತಿಂಗಳಿಗೆ 100, ವರ್ಷಕ್ಕೆ 1,200. ಅಂಕಲ್‌ದು ಐದು ವಿಡಿಯೋ ಸಿಕ್ಕರೆ 1,250. ವರ್ಷದ ಶುಲ್ಕ ಕಟ್ಟಿ, ಉಳಿದ ಐವತ್ತರಲ್ಲಿ ಅವರನ್ನೇ ಕರೆದುಕೊಂಡು ಹೋಗಿ ಕಾಫಿ ಕುಡಿಸಬಹುದು. ನಿನ್ನೆ ಗೇಟಿನ ಹತ್ತಿರ ಸಿಕ್ಕಿದ್ದರು. "ಏನಪ್ಪಾ, ನಿಮ್ಮನೆ ಕ್ಯಾಮೆರಾ ಕೆಲಸ ಮಾಡುತ್ತಾ?" ಅಂದರು.

"ಇಲ್ಲ ಅಂಕಲ್, ಕೆಟ್ಟು ಮೂರು ತಿಂಗಳಾಯ್ತು" ಅಂದೆ.