ಮುಖ್ಯ ಶಿಕ್ಷಕರ ಕೊಠಡಿ ಮತ್ತು ವರ್ಗಾವಣೆಯ ಅರ್ಜಿ

ವರ್ಗಾವಣೆಯ ಕೌನ್ಸೆಲಿಂಗ್ ಹತ್ತಿರ ಬಂತೆಂದರೆ ನಮ್ಮ ಕಡೆಯ ಶಿಕ್ಷಕರು ಸೇರಿದಲ್ಲೆಲ್ಲ ಒಂದೇ ಮಾತು: ಜಗಳೂರಿನಿಂದ ಯಾರು ಹೊರಟರು, ಮೊಳಕಾಲ್ಮೂರಿನಲ್ಲಿ ಯಾರು ಉಳಿದರು. ಹೊರಟವರನ್ನು ಕೇಳಿದರೆ ಊರು ದೂರ, ಸಮಯಕ್ಕೆ ಬಸ್ಸಿಲ್ಲ, ಮಕ್ಕಳ ಓದಿಗೆ ತೊಂದರೆ ಎನ್ನುತ್ತಾರೆ. ಯಾವುದೂ ಸುಳ್ಳಲ್ಲ. ಆದರೆ ಮೊದಲು ದಾವಣಗೆರೆಯ ಒಂದು ಖಾಸಗಿ ಶಾಲೆಯಲ್ಲಿ, ಆಮೇಲೆ ಜಗಳೂರು ತಾಲ್ಲೂಕಿನ ಸರ್ಕಾರಿ ಶಾಲೆಯಲ್ಲಿ ಇಪ್ಪತ್ತೆರಡು ವರ್ಷ ಪಾಠ ಮಾಡಿರುವ ನನಗೆ, ಶಿಕ್ಷಕರು ಒಂದು ಶಾಲೆಯಲ್ಲಿ ನಿಲ್ಲುತ್ತಾರೋ ಇಲ್ಲವೋ ಎಂಬುದು ದೂರಕ್ಕಿಂತಲೂ ಸಂಬಳಕ್ಕಿಂತಲೂ ಹೆಚ್ಚಾಗಿ ಅಲ್ಲಿನ ಮುಖ್ಯಸ್ಥರು ಅವರನ್ನು ಹೇಗೆ ನಡೆಸಿಕೊಳ್ಳುತ್ತಾರೆ ಎಂಬುದರ ಮೇಲೆ ನಿಂತಿದೆ ಎಂಬುದರಲ್ಲಿ ಸಂದೇಹ ಉಳಿದಿಲ್ಲ.

ಖಾಸಗಿ ಶಾಲೆಯಲ್ಲಿ ಹಾಜರಿ ಪುಸ್ತಕ ಪ್ರಾಂಶುಪಾಲರ ಮೇಜಿನ ಮೇಲಿರುತ್ತಿತ್ತು. ಪ್ರಾರ್ಥನೆಯ ಗಂಟೆ ಹೊಡೆದ ಕೂಡಲೇ ಬಾರದವರ ಹೆಸರಿನ ಮುಂದೆ ಕೆಂಪು ಶಾಯಿಯ ಗೆರೆ, ಮೂರು ಗೆರೆಗೆ ಒಂದು ದಿನದ ಸಂಬಳ ಕಡಿತ. ಅದನ್ನು ನಾವು ಸಹಿಸಿಕೊಂಡಿದ್ದೆವು. ಸಹಿಸಲಾಗದೆ ಹೋದದ್ದು ಬೇರೆ. ಒಮ್ಮೆ ಪೋಷಕರೊಬ್ಬರು ದೂರು ತಂದಾಗ ಪ್ರಾಂಶುಪಾಲರು ಅವರನ್ನು ಕರೆದುಕೊಂಡು ನೇರವಾಗಿ ಏಳನೇ ತರಗತಿಯ ಬಾಗಿಲಿಗೆ ಬಂದು, ಮಕ್ಕಳೆದುರಿಗೇ ನನ್ನಿಂದ ವಿವರಣೆ ಕೇಳಿದರು. ಮರುದಿನ ಅದೇ ತರಗತಿಯಲ್ಲಿ ಬೋರ್ಡಿನ ಕಡೆ ತಿರುಗಿದಾಗ ಬೆನ್ನ ಹಿಂದೆ ಎದ್ದ ಗುಸುಗುಸು ನನಗೆ ಇವತ್ತಿಗೂ ನೆನಪಿದೆ. ಆ ವರ್ಷ ಏಪ್ರಿಲ್‌ನಲ್ಲಿ ಐದು ಜನ ಬಿಟ್ಟೆವು. ಕೆಲಸಕ್ಕೆ ಸೇರುವಾಗ ತೆಗೆದಿಟ್ಟುಕೊಂಡಿದ್ದ ಮೂಲ ಅಂಕಪಟ್ಟಿಗಳನ್ನು ವಾಪಸು ಪಡೆಯಲು ಎರಡು ತಿಂಗಳು ಅಲೆಯಬೇಕಾಯಿತು.

ಸರ್ಕಾರಿ ಶಾಲೆಗೆ ಬಂದ ಮೊದಲ ವರ್ಷವೇ ಹೆಚ್ಚುಕಡಿಮೆ ಅಂಥದೇ ಸಂದರ್ಭ ಬಂತು. ಮಗಳ ಲೆಕ್ಕದ ನೋಟ್‌ಬುಕ್ ಹಿಡಿದು ತಂದೆಯೊಬ್ಬರು ಸಿಟ್ಟಿನಿಂದ ಬಂದಿದ್ದರು. ನಮ್ಮ ಹೆಡ್‌ಮಾಸ್ಟರು, "ಬರ್ರಿ ಯಜಮಾನ್ರೆ, ಕುಂದ್ರ್ರಿ. ಟೀಚರ್ ಪಾಠ ಮಾಡಾಕತ್ಯಾರೆ, ಏನೈತಿ ನನಗೆ ಹೇಳ್ರಿ" ಎಂದು ಕೂರಿಸಿಕೊಂಡು ಟೀ ಕೊಡಿಸಿ ಕಳಿಸಿದರು. ಸಂಜೆ ಮಕ್ಕಳೆಲ್ಲ ಹೋದ ಮೇಲೆ ನನ್ನೊಬ್ಬಳನ್ನೇ ಕರೆದು ಆ ನೋಟ್‌ಬುಕ್ ತೆರೆದಿಟ್ಟರು. "ಆರನೇ ಲೆಕ್ಕಕ್ಕೆ ನೀವು ತಪ್ಪು ಹಾಕೀರಿ ಟೀಚರ್, ಹುಡುಗಿದು ಸರಿ ಐತಿ. ನಾಳೆ ನೀವೇ ಆಕಿಗೆ ಹೇಳಿಬಿಡ್ರಿ." ನಾನು ಹೇಳಿದೆ. ತಪ್ಪು ನನ್ನದೇ ಆಗಿತ್ತು, ಆದರೂ ತರಗತಿಯಲ್ಲಿ ನನ್ನ ಮಾತಿನ ತೂಕ ಕಡಿಮೆಯಾಗಲಿಲ್ಲ. ಬಿಸಿಯೂಟದ ಲೆಕ್ಕ, ಮೊಟ್ಟೆಯ ಲೆಕ್ಕ, ಇಲಾಖೆ ಕೇಳುವ ಅಂಕಿಅಂಶಗಳ ಬಹುಭಾಗವನ್ನು ಅವರೇ ಹೊತ್ತುಕೊಂಡಿದ್ದರು. ಕೈಗೂಸಿದ್ದ ಸಹೋದ್ಯೋಗಿಗೆ ಕೇಳದೆಯೇ ಮೊದಲ ಪೀರಿಯಡ್ ಬಿಡುವು ಹಾಕಿದ್ದರು. ಅವರಿದ್ದ ಆರು ವರ್ಷಗಳಲ್ಲಿ ಅವಕಾಶವಿದ್ದೂ ನಮ್ಮಲ್ಲಿ ಯಾರೂ ವರ್ಗಾವಣೆಗೆ ಅರ್ಜಿ ಹಾಕಲಿಲ್ಲ. ಅವರು ನಿವೃತ್ತರಾದ ಎರಡೇ ವರ್ಷದಲ್ಲಿ ಮೂವರು ಹೋದರು. ಊರು ಅದೇ, ಬಸ್ಸೂ ಅದೇ.

ಇದು ನನ್ನೊಬ್ಬಳ ಅನುಭವವಷ್ಟೇ ಅಲ್ಲ. ಅಮೆರಿಕದಲ್ಲಿ ರಿಚರ್ಡ್ ಇಂಗರ್‌ಸಾಲ್ 2001ರಲ್ಲಿ ಪ್ರಕಟಿಸಿದ ಅಧ್ಯಯನವು, ಅಲ್ಲಿನ ಶಾಲೆಗಳಲ್ಲಿ ಶಿಕ್ಷಕರ ಕೊರತೆಗೆ ನಿವೃತ್ತಿಗಿಂತ ದೊಡ್ಡ ಕಾರಣ ಕೆಲಸದ ಬಗೆಗಿನ ಅತೃಪ್ತಿ ಎಂದು ತೋರಿಸಿತು. ಆ ಅತೃಪ್ತಿಯ ಮೂಲಗಳಲ್ಲಿ ಆಡಳಿತದ ಬೆಂಬಲವಿಲ್ಲದಿರುವುದೂ ಒಂದು. ನ್ಯೂಯಾರ್ಕ್ ನಗರದ ಹೊಸ ಶಿಕ್ಷಕರನ್ನು ಕುರಿತು ಡೊನಾಲ್ಡ್ ಬಾಯ್ಡ್, ಸುಸಾನಾ ಲೋಬ್ ಮತ್ತಿತರರು 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಂತೂ, ಉಳಿಯುವ ಅಥವಾ ಬಿಡುವ ತೀರ್ಮಾನದ ಮೇಲೆ ಶಾಲಾ ಆಡಳಿತದಷ್ಟು ಪ್ರಭಾವ ಬೇರಾವ ಅಂಶಕ್ಕೂ ಕಂಡುಬರಲಿಲ್ಲ. ಅಲ್ಲಿನ ವ್ಯವಸ್ಥೆ ಬೇರೆ, ನಮ್ಮದು ಬೇರೆ ಎಂಬುದು ನನಗೂ ಗೊತ್ತು. ನಮ್ಮಲ್ಲಿ ಸರ್ಕಾರಿ ಶಿಕ್ಷಕರು ನೌಕರಿ ಬಿಡುವುದು ಅಪರೂಪ, ಅವರು ಬಿಡುವುದು ಶಾಲೆಯನ್ನು. ಆದರೆ ವರ್ಷದ ನಡುವೆ ಗಣಿತದ ಟೀಚರ್ ಹೋಗಿ ಅತಿಥಿ ಶಿಕ್ಷಕರು ಬರುವತನಕ ಕಾಯುವ ಮಗುವಿಗೆ ಆ ವ್ಯತ್ಯಾಸದಿಂದ ಏನೂ ಪ್ರಯೋಜನವಿಲ್ಲ.

ಎಲ್ಲ ದೋಷವನ್ನೂ ಮುಖ್ಯ ಶಿಕ್ಷಕರ ತಲೆಗೆ ಕಟ್ಟುವುದು ನನ್ನ ಉದ್ದೇಶವಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯ ಪ್ರಕಾರ ಒಂದರಿಂದ ಐದನೇ ತರಗತಿಯ ಶಾಲೆಯಲ್ಲಿ 150ಕ್ಕಿಂತ ಹೆಚ್ಚು ಮಕ್ಕಳಿದ್ದರೆ ಮಾತ್ರ ಪ್ರತ್ಯೇಕ ಮುಖ್ಯ ಶಿಕ್ಷಕರ ಹುದ್ದೆ. ನಮ್ಮ ಹಳ್ಳಿಗಳ ಎಷ್ಟೋ ಶಾಲೆಗಳಲ್ಲಿ ಅಷ್ಟು ಮಕ್ಕಳೇ ಇಲ್ಲ. ಅಲ್ಲಿ ಹಿರಿಯ ಶಿಕ್ಷಕರೊಬ್ಬರು ಪ್ರಭಾರಿಯಾಗಿ, ಎರಡು ತರಗತಿ ನೋಡಿಕೊಳ್ಳುತ್ತಲೇ ಅಕ್ಕಿಯ ಮೂಟೆ ಎಣಿಸಿ, ಸಭೆಗೆಂದು ತಾಲ್ಲೂಕು ಕೇಂದ್ರಕ್ಕೆ ಓಡಬೇಕು. ಸಹೋದ್ಯೋಗಿಯ ಪಾಠವನ್ನು ಹಿಂದಿನ ಬೆಂಚಿನಲ್ಲಿ ಕುಳಿತು ಕೇಳುವಷ್ಟು ಪುರುಸೊತ್ತು ಅವರಿಗೆ ಎಲ್ಲಿಂದ ಬರಬೇಕು?

ವರ್ಗಾವಣೆಯ ಅರ್ಜಿಯಲ್ಲಿ ಪತಿ-ಪತ್ನಿ ಪ್ರಕರಣಕ್ಕೆ, ತೀವ್ರ ಅನಾರೋಗ್ಯಕ್ಕೆ ಅವಕಾಶವಿದೆ. ಮುಖ್ಯಸ್ಥರ ವರ್ತನೆಯಿಂದ ಬೇಸತ್ತು ಹೊರಟವರು ಕೂಡ ಬೇರೆ ಯಾವುದೋ ಕಾರಣ ಬರೆದು ಹೋಗುತ್ತಾರೆ, ಹಾಗಾಗಿ ನಿಜವಾದ ಕಾರಣ ಯಾವ ಕಡತಕ್ಕೂ ಸೇರುವುದಿಲ್ಲ. ಕ್ಷೇತ್ರ ಶಿಕ್ಷಣಾಧಿಕಾರಿಗಳಲ್ಲಿ ನನ್ನ ವಿನಂತಿ ಇಷ್ಟೇ: ಒಂದೇ ಶಾಲೆಯಿಂದ ಎರಡು ವರ್ಷದಲ್ಲಿ ಮೂವರು ಹೊರಟರೆ ಆ ಶಾಲೆಗೆ ಒಂದು ದಿನ ಪ್ರಾರ್ಥನೆಯ ಗಂಟೆಗೆ ಮೊದಲೇ ಹೋಗಿ, ಸಂಜೆಯವರೆಗೆ ಇದ್ದು, ಉಳಿದ ಶಿಕ್ಷಕರನ್ನು ಒಬ್ಬೊಬ್ಬರನ್ನೇ, ಮುಖ್ಯ ಶಿಕ್ಷಕರ ಕೊಠಡಿಯಿಂದ ಹೊರಗೆ ಕೂರಿಸಿಕೊಂಡು ಮಾತನಾಡಿಸಿ.