ಆಮೇಲೆ ಏನಾಯ್ತು, ಅಳಿಯಂದ್ರೆ?

ಅಮೆರಿಕಕ್ಕೆ ಬಂದ ಅತ್ತೆ ಮಾವಂದಿರನ್ನು ಎಲ್ಲರೂ ನಯಾಗರಕ್ಕೆ ಕರೆದುಕೊಂಡು ಹೋಗುತ್ತಾರೆ. ನಮ್ಮ ಮಾವ, ನೀರು ಬೀಳೋದನ್ನು ಜೋಗದಲ್ಲೇ ನೋಡಿದ್ದೇನೆ ಎಂದುಬಿಟ್ಟರು. ಅವರಿಗೆ ಇಲ್ಲಿಯ ಹಳ್ಳಿ ಕಡೆಯ ಹಾಡು ಕೇಳಬೇಕಿತ್ತು. ಊರಲ್ಲಿ ಕಂಸಾಳೆ, ತತ್ವಪದ ಎಲ್ಲಿದ್ದರೂ ಮೊದಲ ಸಾಲಿನಲ್ಲಿ ಕೂರುವ ಜೀವ ಅದು. ಹಾಗಾಗಿ ಅಟ್ಲಾಂಟಾದಿಂದ ಕಾರು ನ್ಯಾಶ್‌ವಿಲ್ ಕಡೆ ತಿರುಗಿತು. ಅಲ್ಲಿ ಕಂಟ್ರಿ ಹಾಡುಗಳಿಗೆ, ಅಂದರೆ ಇಲ್ಲಿಯ ಹಳ್ಳಿ ಹಾಡುಗಳಿಗೆ, ಹೆಸರಾದ ಗ್ರ್ಯಾಂಡ್ ಓಲ್ ಆಪ್ರಿಯಲ್ಲಿ ಸಂಜೆ ಏಳಕ್ಕೆ ಕಾರ್ಯಕ್ರಮ.

ಆ ದಾರಿಯಲ್ಲಿ ಒಂದು ತಮಾಷೆ ಇದೆ. ಚಟ್ಟನೂಗಾ ದಾಟಿ ಸ್ವಲ್ಪ ಮುಂದೆ ಹೋದರೆ ಸಮಯ ವಲಯ ಬದಲಾಗಿ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ. ನಮ್ಮ ಫೋನುಗಳು ತಾವೇ ಸರಿಮಾಡಿಕೊಂಡವು. ಮಾವನ ಎಚ್‌ಎಂಟಿ ವಾಚಿಗೆ ಆ ಸೌಕರ್ಯವಿಲ್ಲ. ತಿರುಗಿಸಿ ಎಂದರೆ ಕೇಳಲಿಲ್ಲ. "ಈ ವಾಚು ಒಂದು ದಿನ ನಿಂತಿಲ್ಲ. ಬೇಕಾದ್ರೆ ನಿಮ್ಮ ಸರ್ಕಾರ ಹಿಂದಕ್ಕೆ ಹೋಗಲಿ" ಎಂದರು.

ಪಾರ್ಕಿಂಗ್‌ನಲ್ಲಿ ಇಳಿದಾಗ ಆರೂವರೆ. ಮಾವನ ಕೈಯಲ್ಲಿ ಏಳೂವರೆ. "ಅರ್ಧ ಗಂಟೆ ಹಾಡು ಹೋಯ್ತು!" ಎಂದು ಓಡಲು ಶುರು ಮಾಡಿದರು. ಅವರ ಹಿಂದೆ ಪಂಚೆಯಷ್ಟೇ ಅಗಲದ ಶಾಲು ಹಿಡಿದುಕೊಂಡು ಅತ್ತೆ, ಅತ್ತೆಯ ಹಿಂದೆ ನನ್ನ ಹೆಂಡತಿ, ಕೊನೆಗೆ ನಾನು. ನಮ್ಮನ್ನು ನೋಡಿ ಕೌಬಾಯ್ ಹ್ಯಾಟಿನ ಒಂದು ಕುಟುಂಬವೂ ಗಾಬರಿಯಾಗಿ ಓಡಿತು. ಗೇಟಿನ ಹತ್ತಿರ ಎಲ್ಲರೂ ಏದುಸಿರು ಬಿಡುತ್ತಾ ನಿಂತೆವು. ಯಾಕೆ ಓಡಿದೆವೆಂದು ಅವರೂ ಕೇಳಲಿಲ್ಲ, ನಾವೂ ಹೇಳಲಿಲ್ಲ.

ಒಳಗೆ ನಾಲ್ಕು ಸಾವಿರಕ್ಕೂ ಜಾಸ್ತಿ ಜನ ಕೂರಬಹುದು. ಆದರೆ ಒಬ್ಬೊಬ್ಬರಿಗೆ ಒಂದು ಕುರ್ಚಿ ಅಂತಿಲ್ಲ, ಚರ್ಚಿನಲ್ಲಿರುವಂಥ ಉದ್ದ ಬೆಂಚುಗಳು. ಅದಕ್ಕೆ ಕಾರಣ ಇದೆ. 1943ರಿಂದ 1974ರವರೆಗೆ ಈ ಕಾರ್ಯಕ್ರಮ ನಡೆದದ್ದು ಊರಿನ ನಡುವಿನ ರೈಮನ್ ಸಭಾಂಗಣದಲ್ಲಿ. 1892ರಲ್ಲಿ ಅದನ್ನು ಕಟ್ಟಿದ್ದು ಪ್ರಾರ್ಥನೆಗೆ. ಅಲ್ಲಿಂದ ಹೊರಡುವಾಗ ಹಳೆಯ ವೇದಿಕೆಯ ಮರವನ್ನು ದುಂಡಗೆ ಕತ್ತರಿಸಿ ತಂದು ಹೊಸ ವೇದಿಕೆಯ ನಡುವೆ ಕೂರಿಸಿದ್ದಾರೆ. 2010ರ ಪ್ರವಾಹದಲ್ಲಿ ವೇದಿಕೆ ಮುಳುಗಿದರೂ ಆ ತುಂಡನ್ನು ಉಳಿಸಿಕೊಂಡು ಮತ್ತೆ ಹಾಕಿದರು. ಅದರ ಮೇಲೆ ನಿಂತು ಹಾಡೋದೇ ಇಲ್ಲಿ ಹಾಡುಗಾರರಿಗೆ ದೊಡ್ಡ ಗೌರವ. ಇಷ್ಟನ್ನೂ ಭಕ್ತಿಯಿಂದ ವಿವರಿಸಿದೆ. ಅತ್ತೆ ವೇದಿಕೆಯನ್ನೇ ನೋಡುತ್ತಾ, "ಅಷ್ಟು ಗೌರವ ಇದ್ರೆ ಬೂಟು ಬಿಚ್ಚಿ ನಿಲ್ಲಬಾರದಾ?" ಎಂದರು.

ಇದು ಮೂಲತಃ ರೇಡಿಯೋ ಕಾರ್ಯಕ್ರಮ. 1925ರಲ್ಲಿ ಶುರುವಾಗಿದ್ದು, ಈಗಲೂ ನೇರಪ್ರಸಾರ. ಹಾಗಾಗಿ ಒಬ್ಬರು ಎರಡು ಮೂರು ಹಾಡು ಮುಗಿಸುತ್ತಿದ್ದಂತೆ ಪಕ್ಕದಲ್ಲಿ ನಿಂತ ನಿರೂಪಕರು ಜಾಹೀರಾತು ಓದುತ್ತಾರೆ. ನಮಗೆ ಇದು ಹೊಸದೇನಲ್ಲ, ರಾಜ್ಯೋತ್ಸವದಲ್ಲಿ ಪ್ರಾಯೋಜಕರ ಪಟ್ಟಿ ಕೇಳಿ ಬೆಳೆದವರು ನಾವು. ಮಾವ ಅರಳಿದ್ದು ಬೇರೆ ಕಾರಣಕ್ಕೆ. ಈ ರೇಡಿಯೋ ಕೇಂದ್ರವನ್ನು ಆರಂಭಿಸಿದ್ದು ಒಂದು ಇನ್ಶೂರೆನ್ಸ್ ಕಂಪನಿ. ಕೇಂದ್ರದ ಹೆಸರು ಡಬ್ಲ್ಯುಎಸ್‌ಎಂ, ಅದೂ ಕಂಪನಿಯ ಘೋಷಣೆಯ ಮೊದಲಕ್ಷರಗಳೇ. ಮಾವ ಎಲ್‌ಐಸಿಯಿಂದ ರಿಟೈರ್ ಆದವರು. "ನೋಡಿ, ನಾವು ಬಿಸಿಲಲ್ಲಿ ಮನೆಮನೆ ಅಲೆದ್ವಿ. ಇವರು ಪಿಟೀಲು ಬಾರಿಸಿ ಪಾಲಿಸಿ ಮಾರಿದಾರೆ" ಎಂದು ಹೊಟ್ಟೆ ಉರಿದುಕೊಂಡರು.

ಅಷ್ಟರಲ್ಲಿ ಪೆಡಲ್ ಸ್ಟೀಲ್ ಗಿಟಾರ್ ಶುರುವಾಯಿತು. ಮಲಗಿಸಿದ ತಂತಿಗಳ ಮೇಲೆ ಉಕ್ಕಿನ ತುಂಡು ಜಾರಿಸಿ ನುಡಿಸುತ್ತಾರೆ, ಸ್ವರದಿಂದ ಸ್ವರಕ್ಕೆ ಎಳೆದುಕೊಂಡೇ ಹೋಗುತ್ತದೆ. "ಗೋಟುವಾದ್ಯ!" ಎಂದು ಮಾವ ಕೂಗಿದರು. ವೀಣೆಯಂಥ ಆ ನಮ್ಮ ವಾದ್ಯವನ್ನೂ ಹೀಗೇ ಜಾರಿಸಿ ನುಡಿಸುತ್ತಾರೆ. ಆಮೇಲೆ ತೊಡೆಯ ಮೇಲೆ ತಾಳ ಹಾಕಲು ಶುರು. ಇಲ್ಲಿಯ ಜನ ಚಪ್ಪಾಳೆ ಹೊಡೆಯೋದು ಎರಡನೇ ಮತ್ತು ನಾಲ್ಕನೇ ಏಟಿಗೆ. ಮಾವನದು ಅಪ್ಪಟ ಆದಿತಾಳ, ಮೊದಲ ಏಟಿಗೇ ಗಟ್ಟಿ ಪೆಟ್ಟು. ಬೆಂಚು ಒಂದೇ ಆದ್ದರಿಂದ ಆ ಪೆಟ್ಟು ತುದಿಯಲ್ಲಿ ಕೂತ ಅಜ್ಜನವರೆಗೂ ಹೋಗುತ್ತಿತ್ತು. ಅಜ್ಜ ಸ್ವಲ್ಪ ಹೊತ್ತು ತಡೆದುಕೊಂಡರು. ಆಮೇಲೆ ಸೋತು ಮಾವನ ಪಾರ್ಟಿಗೆ ಸೇರಿದರು. ಹತ್ತು ನಿಮಿಷದಲ್ಲಿ ಇಡೀ ಸಭೆ ಒಂದು ಕಡೆ, ನಮ್ಮ ಸಾಲು ಇನ್ನೊಂದು ಕಡೆ.

ನನ್ನ ನಿಜವಾದ ಪಾಡು ಇದಲ್ಲ. ಅತ್ತೆಗೆ ಹಾಡಿನ ಅರ್ಥ ಬೇಕು. ಮಿಣಮಿಣ ಕೋಟು ಹಾಕಿದ ಹಿರಿಯ ಹಾಡುಗಾರರೊಬ್ಬರು ಕಣ್ಣುಮುಚ್ಚಿ ಹಾಡುತ್ತಿದ್ದರು.

"ಏನಂತೆ?"

"ಹೆಂಡತಿ ಬಿಟ್ಟು ಹೋದಳಂತೆ. ಇವನು ಕುಡೀತಾ ಕೂತಿದಾನಂತೆ."

"ಅಯ್ಯೋ. ಆಮೇಲೆ ಏನಾಯ್ತು, ಅಳಿಯಂದ್ರೆ?"

"ಅಷ್ಟೇ ಅತ್ತೆ. ಮುಗೀತು."

ಮೂರು ನಿಮಿಷದ ಹಾಡಿನಲ್ಲಿ ಆಮೇಲೆ ಎಲ್ಲಿಂದ ಬರಬೇಕು? ಆದರೆ ಸೀರಿಯಲ್ ನೋಡುವವರಿಗೆ ಇದು ನಡೆಯಲ್ಲ. ಮುಂದಿನವನು ಜೈಲಿನಲ್ಲಿದ್ದ. ಅವನ ತಾಯಿಗೆ ವಿಷಯ ಗೊತ್ತಾಯಿತಾ ಎಂದರು. ಅದರ ಮುಂದಿನವನು ನಾಯಿಯೊಂದನ್ನೇ ನಂಬಿ ರೈಲು ಹತ್ತಿದ. ಟಿಕೆಟ್ ತಗೊಂಡನಾ ಎಂದರು. ಇಷ್ಟೆಲ್ಲ ದುಃಖ ಮುಗಿಯುತ್ತಿದ್ದಂತೆ ಲಂಗ ತೊಟ್ಟ ಹೆಣ್ಣುಮಕ್ಕಳು, ಗಂಡುಮಕ್ಕಳು ಜೋಡಿಜೋಡಿಯಾಗಿ ಬಂದು ಟಕಟಕ ಕುಣಿದರು. ಅತ್ತೆಗೆ ಅದು ಸ್ವಲ್ಪವೂ ಹಿಡಿಸಲಿಲ್ಲ. "ಒಂದು ಸಾವಿನ ಮನೆ, ಒಂದು ಮದುವೆ ಮನೆ. ಮಧ್ಯೆ ಸ್ನಾನನಾದ್ರೂ ಬೇಡವಾ?"

ನಮ್ಮ ಪಿಸುಮಾತು ತಡೆಯಲಾರದೆ ಹಿಂದಿನ ಸಾಲಿನ ಅಜ್ಜಿ ಬಗ್ಗಿ, ಏನು ಕೇಳುತ್ತಿದ್ದಾರೆ ಎಂದರು. ಹೇಳಿದೆ. ಅಜ್ಜಿಯ ಮುಖ ಬೆಳಗಿತು. ಆಮೇಲಿನದೂ ಇದೆಯಂತೆ! 1952ರಲ್ಲಿ ಒಬ್ಬ, ಹೆಂಗಸು ತನ್ನನ್ನು ಬಿಟ್ಟು ಕುಡಿಯುವ ಬಾರ್‌ಗಳ ಪಾಲಾದಳು ಎಂದು ಗೋಳಾಡಿ ಹಾಡಿದ. ಅದೇ ವರ್ಷ ಕಿಟ್ಟಿ ವೆಲ್ಸ್ ಎಂಬಾಕೆ ಉತ್ತರ ಕೊಟ್ಟು ಹಾಡಿದರು: ಮದುವೆಯಾದ ಗಂಡಸರು ಬ್ರಹ್ಮಚಾರಿಗಳ ಹಾಗೆ ಮೆರೆದರೆ ಹೆಂಗಸರು ಕೆಡದೆ ಇನ್ನೇನಾಗುತ್ತಾರೆ? ಕೆಲವು ರೇಡಿಯೋದವರು ಅದನ್ನು ಹಾಕೋದೇ ಇಲ್ಲ ಎಂದರು. ಆದರೂ ಅದು ಕಂಟ್ರಿ ಹಾಡುಗಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಹೋಯಿತು. ಒಬ್ಬಳೇ ಹಾಡಿ ಆ ಜಾಗಕ್ಕೆ ಏರಿದ ಮೊದಲ ಹೆಣ್ಣು ಆಕೆ.

ಅತ್ತೆ ಹಿಂದಕ್ಕೆ ತಿರುಗಿ ಅಜ್ಜಿಯ ಕೈ ಹಿಡಿದುಕೊಂಡರು. "ಸರಿಯಾಗಿ ಮಾಡಿದಳು ಅಂತ ಹೇಳಿ" ಎಂದರು ನನಗೆ. ಹೇಳಿದೆ. ಇಬ್ಬರೂ ಉಳಿದ ಹೊತ್ತೆಲ್ಲ ಹಾಡು ಕೇಳಲಿಲ್ಲ, ಹಾಡುತ್ತಿದ್ದ ಗಂಡಸರನ್ನು ಗುರಾಯಿಸುತ್ತಾ ಕೂತರು.

ಹೋಟೆಲಿಗೆ ಹೋಗುವಾಗ ಮಾವ ಸುಮ್ನೆ ಇರಬಹುದಿತ್ತು. "ನಮ್ಮ ಕಾಲದಲ್ಲಿ ಹೆಂಗಸರು ಹೀಗೆ ಎದುರುತ್ತರ ಕೊಡ್ತಿರಲಿಲ್ಲಪ್ಪ" ಎಂದರು. ಹಿಂದಿನ ಸೀಟಿನಿಂದ ಅತ್ತೆಯ ಉತ್ತರ ಶುರುವಾಯಿತು. ಮದುವೆಯ ವರ್ಷದಿಂದ ಹಿಡಿದುಕೊಂಡರು. ಅದು ಮೂರು ನಿಮಿಷಕ್ಕೆ ಮುಗಿಯಲಿಲ್ಲ. ಮಧ್ಯೆ ಜಾಹೀರಾತೂ ಬರಲಿಲ್ಲ.