ಅಪ್ಪನ ಹೆಸರು ಬಂತು, ಊರಿನ ಮಾತು ಬರಲಿಲ್ಲ

ನಿನ್ನೆ ನಮ್ಮ ಬಡಾವಣೆಯ ರಾಜ್ಯೋತ್ಸವದಲ್ಲಿ, ಅಜ್ಜನ ಕಾಲದಿಂದ ರಾಜಕಾರಣದಲ್ಲಿರುವ ಮನೆತನದ ಯುವಕರೊಬ್ಬರು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಸಿಕೊಂಡು ಬಂದಿದ್ದ ಕನ್ನಡ ಭಾಷಣವನ್ನು ತಡವರಿಸುತ್ತ ಓದಿದರು. ಅದಕ್ಕಿಂತ ಹೆಚ್ಚು ನೋವಾದದ್ದು ಪಕ್ಕದಲ್ಲಿ ಕುಳಿತಿದ್ದ ಗೆಳೆಯರ ಮಾತಿನಿಂದ: ‘ನವೀನ್ ಪಟ್ನಾಯಕ್ ಒಡಿಯಾ ಬಾರದೆಯೇ ಮುಖ್ಯಮಂತ್ರಿಯಾಗಿ ಒಡಿಶಾವನ್ನು 24 ವರ್ಷ ಆಳಲಿಲ್ಲವೇ?’ ಬ್ಯಾಂಕ್ ನೌಕರಿಗೆಂದು ಒಡಿಶಾದ ರಾಜಧಾನಿ ಭುವನೇಶ್ವರದಲ್ಲಿ ವರ್ಷಗಳನ್ನು ಕಳೆದವನು ನಾನು. ಆ ಮಾತು ರಾತ್ರಿಯಿಡೀ ನನ್ನನ್ನು ಮಲಗಗೊಡಲಿಲ್ಲ.

1946ರಲ್ಲಿ ಕಟಕ್‌ನಲ್ಲಿ ಹುಟ್ಟಿ, ದೂರದ ಡೆಹ್ರಾಡೂನಿನ ಡೂನ್ ಶಾಲೆಯಲ್ಲಿ ಓದಿದ ನವೀನರು ಐವತ್ತು ತುಂಬುವವರೆಗೆ ರಾಜಕೀಯದಿಂದ ದೂರವೇ ಇದ್ದರು. 1997ರ ಏಪ್ರಿಲ್‌ನಲ್ಲಿ ತಂದೆ, ಒಡಿಶಾದ ಮಾಜಿ ಮುಖ್ಯಮಂತ್ರಿ ಬಿಜು ಪಟ್ನಾಯಕ್ ತೀರಿಕೊಂಡಾಗ ತೆರವಾದ ಅಸ್ಕಾ ಲೋಕಸಭಾ ಕ್ಷೇತ್ರದಿಂದ ಗೆದ್ದರು. ಅದೇ ಡಿಸೆಂಬರಿನಲ್ಲಿ ಹುಟ್ಟಿದ ಪಕ್ಷ ತಂದೆಯ ಹೆಸರನ್ನೇ ಹೊತ್ತು ಬಿಜು ಜನತಾ ದಳವಾಯಿತು. 2000ದ ಮಾರ್ಚ್ 5ರಂದು ಅವರು ಮುಖ್ಯಮಂತ್ರಿಯಾದರು. 1947ರಲ್ಲಿ ತಾವೇ ವಿಮಾನ ನಡೆಸಿಕೊಂಡು ಹೋಗಿ ಇಂಡೋನೇಷ್ಯಾದ ನಾಯಕ ಸುತಾನ್ ಶಹರೀರರನ್ನು ಕರೆತಂದ ಬಿಜು ಬಾಬುವಿನ ಸಾಹಸವನ್ನು ಒಡಿಯಾ ಜನ ಮನೆಮಾತಾಗಿ ಉಳಿಸಿಕೊಂಡಿದ್ದಾರೆ. ಆ ಹೆಸರೇ ಮಗನ ಪರವಾಗಿ ಮಾತಾಡಿತು. ಮಗನಿಗೆ ಮಾತು ಕಲಿಯುವ ಜರೂರು ಬೀಳಲಿಲ್ಲ.

ಒಡಿಶಾ 1936ರ ಏಪ್ರಿಲ್ 1ರಂದು, ಭಾಷೆಯ ಆಧಾರದ ಮೇಲೆಯೇ ಪ್ರತ್ಯೇಕ ಪ್ರಾಂತವಾಯಿತು. ನಮ್ಮ ಏಕೀಕರಣಕ್ಕೆ ಇಪ್ಪತ್ತು ವರ್ಷ ಮೊದಲು. ಅಂಥ ನಾಡಿನ ಮುಖ್ಯಮಂತ್ರಿ ರೋಮನ್ ಲಿಪಿಯಲ್ಲಿ ಬರೆದ ಒಡಿಯಾವನ್ನು ಓದುತ್ತಿದ್ದರು. ‘ಆಪಣ ಮಾನೇ ಖುಸಿ ತ?’ ಎಂದು, ಅಂದರೆ ನೀವೆಲ್ಲ ಖುಷಿಯಾಗಿದ್ದೀರಲ್ಲ ಎಂದು, ಅವರು ಸಭೆಗಳಲ್ಲಿ ಕೇಳಿದರೆ ಜನ ಹರ್ಷದಿಂದ ಕೂಗುತ್ತಿದ್ದರು. ಆದರೆ ಖುಷಿಯಿಲ್ಲ ಎನ್ನುವವನ ದೂರನ್ನು ಅವನದೇ ಮಾತಿನಲ್ಲಿ, ನಡುವೆ ಯಾರೂ ಇಲ್ಲದೆ ಕೇಳಿಸಿಕೊಳ್ಳುವುದು ಹೇಗೆ?

ಆಡಳಿತ ಚೆನ್ನಾಗಿದ್ದರೆ ಭಾಷೆ ಏಕೆ ಎನ್ನುವವರಿದ್ದಾರೆ. ಒಪ್ಪಿಕೊಳ್ಳುತ್ತೇನೆ, ನಾನೂ ಹಾಗೆ ವಾದಿಸಿದವನೇ. 1999ರ ಚಂಡಮಾರುತದಲ್ಲಿ ಸುಮಾರು ಹತ್ತು ಸಾವಿರ ಜನ ಸತ್ತ ಕರಾವಳಿಯಲ್ಲಿ, 2013ರ ಅಕ್ಟೋಬರಿನಲ್ಲಿ ಫೈಲಿನ್ ಚಂಡಮಾರುತ ಬಂದಾಗ ಅವರ ಸರ್ಕಾರ ಹತ್ತಿರಹತ್ತಿರ ಹತ್ತು ಲಕ್ಷ ಜನರನ್ನು ಮೊದಲೇ ಸ್ಥಳಾಂತರಿಸಿ ಸಾವನ್ನು ಹತ್ತಾರರ ಸಂಖ್ಯೆಗೆ ಇಳಿಸಿತು. ಅದಕ್ಕೆ ಇಂದಿಗೂ ಕೈಮುಗಿಯುತ್ತೇನೆ. ಆದರೆ ಬಿರುಗಾಳಿಯಿಂದ ಜನರನ್ನು ಕಾಪಾಡಬಲ್ಲ ಆಡಳಿತಗಾರನಿಗೆ ಆ ಜನರ ಮಾತು ಕಲಿಯಲು 24 ವರ್ಷ ಸಾಲದೇ?

ಮಾತು ಬಾರದ ಕಡೆ ಮಧ್ಯವರ್ತಿ ಬೆಳೆಯುತ್ತಾನೆ. ತಮಿಳುನಾಡಿನಲ್ಲಿ ಹುಟ್ಟಿ, ಒಡಿಯಾವನ್ನು ಸರಾಗವಾಗಿ ಆಡುತ್ತಿದ್ದ, ನವೀನರ ಆಪ್ತ ಕಾರ್ಯದರ್ಶಿಯಾಗಿದ್ದ ಐಎಎಸ್ ಅಧಿಕಾರಿ ವಿ. ಕೆ. ಪಾಂಡಿಯನ್ 2023ರಲ್ಲಿ ನೌಕರಿ ಬಿಟ್ಟು ಪಕ್ಷ ಸೇರಿದಾಗ, ನಾಯಕನಿಗೂ ಜನರಿಗೂ ನಡುವೆ ನಿಂತವರು ಯಾರೆಂದು ಎಲ್ಲರಿಗೂ ಕಂಡಿತು. 2024ರ ಚುನಾವಣೆಯಲ್ಲಿ ಎದುರಾಳಿಗಳು ಒಡಿಯಾ ಅಸ್ಮಿತೆಯನ್ನೇ ಮುಂದಿಟ್ಟರು. 147 ಸ್ಥಾನಗಳಲ್ಲಿ ಬಿಜು ಜನತಾ ದಳಕ್ಕೆ ಉಳಿದದ್ದು 51. ಎರಡು ಕಡೆ ನಿಂತಿದ್ದ ನವೀನರು ಹಿಂಜಿಲಿಯಲ್ಲಿ ಗೆದ್ದು ಕಾಂಟಾಬಾಂಜಿಯಲ್ಲಿ ಸೋತರು. ಸೋಲಿಗೆ ಬೇರೆ ಕಾರಣಗಳೂ ಇರಬಹುದು. ಈ ಗಾಯ ಮಾತ್ರ ಅವರೇ ತೆರೆದಿಟ್ಟುಕೊಂಡದ್ದು.

ನಲವತ್ತು ದಾಟಿದ ಮೇಲೆ ನನಗೆ ಒಡಿಯಾ ಕಲಿಸಿದವಳು ಭುವನೇಶ್ವರದ ಯುನಿಟ್-1 ಹಾಟ್‌ನ, ಅಂದರೆ ಸಂತೆಯ, ತರಕಾರಿಯಾಕೆ. ಆರು ತಿಂಗಳಲ್ಲಿ ಅವಳ ಮನೆಯ ಕಷ್ಟ ನನಗೆ ಅರ್ಥವಾಗತೊಡಗಿತ್ತು. ನಿನ್ನೆ ಭಾಷಣ ಓದಿದ ಯುವಕರಿಗೆ ಇನ್ನೂ ಮೂವತ್ತು. ಭಾನುವಾರ ಅವರ ಕಚೇರಿಗೆ ಹೋಗಿ, ಒಪ್ಪಿದರೆ ದಿನಕ್ಕೆ ಅರ್ಧ ಗಂಟೆ ಕನ್ನಡ ಓದು ಬರಹ ನಾನೇ ಹೇಳಿಕೊಡುತ್ತೇನೆಂದು ಕೇಳಿ ಬರುತ್ತೇನೆ.